‘ನೋಡೋಣ’ ಮತ್ತು ‘ಹೊಂದಿಕೊಂಡು ಹೋಗು’

ಕಳೆದ ತಿಂಗಳು ವಿಜಯನಗರದ ಒಂದು ಕಲ್ಯಾಣಮಂಟಪದಲ್ಲಿ ಆರತಕ್ಷತೆಯ ಊಟ ಮುಗಿಸಿ ಎಲೆಯಡಿಕೆ ತಟ್ಟೆಯ ಸುತ್ತ ಕುಳಿತಿದ್ದೆವು. ಹಿರಿಯರೊಬ್ಬರು ತೀರ್ಪು ಕೊಟ್ಟರು: “ಈಗಿನ ಹುಡುಗರಿಗೆ ಬದ್ಧತೆ ಎಂಬುದೇ ಇಲ್ಲ. ನಮ್ಮ ಕಾಲದಲ್ಲಿ ಒಮ್ಮೆ ತಾಳಿ ಕಟ್ಟಿದೆವು ಎಂದರೆ ಮುಗಿಯಿತು.” ಪಕ್ಕದಲ್ಲಿದ್ದ ಮದುಮಗನ ಗೆಳೆಯನೊಬ್ಬ ನಕ್ಕು, “ಅಂಕಲ್, ಆ ‘ಮುಗಿಯಿತು’ ಅನ್ನೋದಕ್ಕೇ ನಮಗೆ ಭಯ” ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ನಿಲ್ಲಲಿಲ್ಲವೆಂದೇನೂ ಅಲ್ಲ. ಅದು ಮತ್ತೆ ಬರಲೇ ಇಲ್ಲ. ಇಬ್ಬರ ಮಾತೂ ತಪ್ಪು ಎಂದು ತೋರಿತು. ಆ ತಪ್ಪಿಗೆ ದಂಡ ತೆರುವವರು ಮಾತ್ರ ಅವರಿಬ್ಬರಲ್ಲ, ಬೇರೆಯವರು ಎಂದೂ ತೋರಿತು. ಅಷ್ಟನ್ನು ಹೇಳುವುದಕ್ಕಾಗಿ ಈ ಬರಹ.

ನಾನಿರುವುದು ಮೂಡಲಪಾಳ್ಯದಲ್ಲಿ. ಹೆಸರಿನಲ್ಲಿ ಮೂಡಲು, ಇರುವುದು ಬೆಂಗಳೂರಿನ ಪಡುವಣಕ್ಕೆ. ೨೦೧೫ರಲ್ಲಿ ಅತ್ತಿಗುಪ್ಪೆಗೆ ಮೆಟ್ರೊ ಬಂದ ಮೇಲೆ ನಮ್ಮ ಗಲ್ಲಿಗಳಲ್ಲೂ ಮಹಡಿಯ ಮೇಲೆ ಮಹಡಿ ಎದ್ದು, ದೂರದೂರದ ಊರುಗಳ ಹುಡುಗ ಹುಡುಗಿಯರು ಬಾಡಿಗೆಗೆ ಬಂದರು. ನಮ್ಮ ಮಹಡಿಯ ಮನೆಗೂ ಒಂದು ಜೋಡಿ ಬಂದಿತು. ಮದುವೆಯಾಗಿದೆಯೇ ಎಂದು ನಾನು ಕೇಳಲಿಲ್ಲ. ಉದಾರಿಯೆಂದಲ್ಲ, ಮನೆ ಮೂರು ತಿಂಗಳಿನಿಂದ ಖಾಲಿ ಬಿದ್ದಿತ್ತು. ಆಗಿಲ್ಲವೆಂಬುದು ಬೀದಿಗೆಲ್ಲ ತಿಳಿಯಲು ಒಂದು ವಾರ ಸಾಕಾಯಿತು. ಎದುರುಮನೆಯವರು ನನ್ನೊಡನೆ ಹದಿನೈದು ದಿನ ಮಾತು ಬಿಟ್ಟರು. ನಾನು ಆ ಜೋಡಿಯ ಪರವಾಗಿ ವಾದಿಸಿದೆ. ಈಗಲೂ ವಾದಿಸುತ್ತೇನೆ. ಆದರೆ ಯಾವ ಕಾರಣಕ್ಕಾಗಿ ಎಂಬುದು ಆಮೇಲೆ ಬದಲಾಯಿತು.

ಮೊದಲು ಹಿರಿಯರ ಪಕ್ಷವನ್ನು ನೋಡೋಣ.

‘ಬದ್ಧತೆ’ ಎಂಬ ಮಾತನ್ನು ಅವರು ಬಹಳ ಗೌರವದಿಂದ ಬಳಸುತ್ತಾರೆ. ‘ಬದ್ಧ’ ಎಂದರೆ ಕಟ್ಟಲ್ಪಟ್ಟದ್ದು. ಕರ್ಮಣಿ ರೂಪ. ಕಟ್ಟಿದವರು ಯಾರು ಎಂಬುದನ್ನು ಪದ ಹೇಳುವುದಿಲ್ಲ, ನಾವು ಕೇಳುವುದೂ ಇಲ್ಲ. ತಾನಾಗಿ ಒಂದು ಮಾತಿಗೆ ಕಟ್ಟುಬಿದ್ದವನೂ ಬದ್ಧನೆ. ಗೂಟಕ್ಕೆ ಕಟ್ಟಿದ ಹಸುವೂ ಬದ್ಧವೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಕಡೆ ನಿಂತಿರುವಂತೆ ಕಾಣುತ್ತವೆ.

“ನಮ್ಮ ಕಾಲದಲ್ಲಿ ವಿಚ್ಛೇದನ ಇರಲಿಲ್ಲ” ಎನ್ನುತ್ತಾರೆ. ಯಾರ ಕಾಲದಲ್ಲಿ, ಯಾರ ಮನೆಯಲ್ಲಿ? ನಮ್ಮ ನಾಡಿನ ಅನೇಕ ಸಮುದಾಯಗಳಲ್ಲಿ ಕೂಡಿಕೆ, ಉಡಿಕೆ ಎಂಬ ಪದ್ಧತಿಗಳಿದ್ದವು. ಗಂಡನನ್ನು ಕಳೆದುಕೊಂಡವಳಿಗೂ ಬಿಟ್ಟವಳಿಗೂ ಎರಡನೆಯ ಬಾಳಿನ ದಾರಿ ಇತ್ತು. ಇರದಿದ್ದುದು ಕೆಲವು ಜಾತಿಗಳ ಮನೆಗಳಲ್ಲಿ. ಆ ಕೆಲವರ ಕಟ್ಟುಪಾಡನ್ನು ಇಡೀ ನಾಡಿನ ಸಂಪ್ರದಾಯವೆಂದು ಕರೆದು, ಅದನ್ನು ಮತ್ತೆ ಇಡೀ ನಾಡಿಗೆ ಹೊರಿಸಿದ್ದೇವೆ. ಕಾಯಿದೆಯ ಮಾತಿಗೆ ಬಂದರೂ ಅಷ್ಟೆ. ೧೯೫೫ರ ಹಿಂದೂ ವಿವಾಹ ಕಾಯಿದೆ ವಿಚ್ಛೇದನಕ್ಕೆ ಅವಕಾಶ ಕೊಟ್ಟಿತಾದರೂ, ೧೯೭೬ರ ತಿದ್ದುಪಡಿಯ ತನಕ ಆ ಕೇಂದ್ರ ಕಾಯಿದೆಯಲ್ಲಿ ಕ್ರೌರ್ಯವು ವಿಚ್ಛೇದನಕ್ಕೆ ಕಾರಣವಾಗಿರಲಿಲ್ಲ. ಬೇರೆಯಾಗಿ ವಾಸಿಸುವುದಕ್ಕೆ ಮಾತ್ರ ಕಾರಣವಾಗಿತ್ತು. ಇಬ್ಬರೂ ಒಪ್ಪಿ ಬಿಡುಗಡೆ ಪಡೆಯುವ ದಾರಿ ತೆರೆದುದೂ ಅದೇ ೧೯೭೬ರಲ್ಲಿ. ಬಾಗಿಲೇ ಇಲ್ಲದ ಕೋಣೆಯಿಂದ ಯಾರೂ ಹೊರಗೆ ಬರಲಿಲ್ಲವೆಂದು ಹೆಮ್ಮೆಪಡುವುದು ಯಾವ ತರ್ಕ?

ಬಾಳಿದ ವರ್ಷಗಳನ್ನು ಎಣಿಸಿ ಸುಖವನ್ನು ಅಳೆಯುವವರು ಇನ್ನೊಂದು ಲೆಕ್ಕವನ್ನೂ ಓದಬೇಕು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ, ೧೮ರಿಂದ ೪೯ರ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ೪೪.೪ ಮಂದಿ ಗಂಡನಿಂದ ಹಿಂಸೆಯನ್ನು ಕಂಡವರು. ಅವರಲ್ಲಿ ಬಹುಪಾಲು ಜನ ಇಂದಿಗೂ ಅದೇ ಮನೆಯಲ್ಲಿದ್ದಾರೆಂದು ಊಹಿಸಲು ದೊಡ್ಡ ಪಾಂಡಿತ್ಯ ಬೇಡ. ನಮ್ಮ ಹಿರಿಯರ ಪಟ್ಟಿಯಲ್ಲಿ ಅವರೆಲ್ಲರೂ ಬದ್ಧತೆಯ ಉದಾಹರಣೆಗಳು.

ಅಮೆರಿಕದ ಕ್ಯಾರಿಲ್ ರಸ್ಬಲ್ಟ್ ಎಂಬ ಮನಶ್ಶಾಸ್ತ್ರಜ್ಞೆ ೧೯೮೦ರ ದಶಕದಲ್ಲಿ ಈ ವಿಷಯವನ್ನು ಕ್ರಮವಾಗಿ ವಿಚಾರಿಸಿದರು. ಒಂದು ಸಂಬಂಧಕ್ಕೆ ಮನುಷ್ಯ ಅಂಟಿಕೊಳ್ಳಲು ಮೂರು ಕಾರಣಗಳನ್ನು ಅವರು ಕಂಡರು: ಅದರಲ್ಲಿ ಸಿಗುವ ತೃಪ್ತಿ, ಅದಕ್ಕಾಗಿ ಸುರಿದ ವರ್ಷಗಳು, ಶ್ರಮ, ಹಣ, ಮಕ್ಕಳು, ಹೊರಗೆ ಬೇರೆ ದಾರಿ ಇಲ್ಲದಿರುವುದು. ಮೂರರಲ್ಲಿ ಸುಖವಿರುವುದು ಮೊದಲನೆಯದರಲ್ಲಿ ಮಾತ್ರ ಎಂಬುದನ್ನು ಗಮನಿಸಿ. ಆಮೇಲೆ, ೧೯೯೫ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೊಡೆತ ತಿಂದು ಆಶ್ರಯಧಾಮಕ್ಕೆ ಬಂದ ಹೆಂಗಸರನ್ನು ಕುರಿತು ಅವರು ವಿಚಾರಿಸಿದರು. ಸಂಪಾದನೆಯ ದಾರಿ ಇಲ್ಲದವರಲ್ಲಿ, ಆ ಸಂಬಂಧದಲ್ಲಿ ಹೆಚ್ಚು ಹೂಡಿದವರಲ್ಲಿ ಬದ್ಧತೆಯೂ ಹೆಚ್ಚಾಗಿತ್ತು. ಅಂಥವರು ಹೊಡೆದವನ ಬಳಿಗೇ ಹಿಂತಿರುಗುತ್ತಿದ್ದರು. ಅಂದರೆ, ಬದ್ಧತೆ ಎಂದು ನಾವು ಕೊಂಡಾಡುವ ವಸ್ತು ಒಮ್ಮೊಮ್ಮೆ ಬಡತನದ ಇನ್ನೊಂದು ಹೆಸರು.

ಇದನ್ನು ತಿಳಿಯಲು ನಾನು ಅಮೆರಿಕದ ತನಕ ಹೋಗಬೇಕಾಗಿರಲಿಲ್ಲ. ನನ್ನ ಅಕ್ಕ ನನ್ನ ಮನೆಯಲ್ಲೇ ಇದ್ದಾಳೆ.

೧೯೭೮ರ ಒಂದು ಶ್ರಾವಣ. ಅಕ್ಕ ಒಂದು ಟ್ರಂಕು, ಒಂದು ಮಗುವಿನೊಡನೆ ತವರಿಗೆ ಬಂದಳು. ಮುಂಗೈ ಊದಿತ್ತು. ಅಪ್ಪ ಆ ಕೈಯನ್ನು ನೋಡಿದರು, ಎದುರು ಮನೆಯ ಕಿಟಕಿಯನ್ನೂ ನೋಡಿದರು. ನಾಲ್ಕನೆಯ ದಿನ “ಹೊಂದಿಕೊಂಡು ಹೋಗಮ್ಮ” ಎಂದರು. ನನಗಾಗ ಇಪ್ಪತ್ತೆರಡು ವರ್ಷ. ಪದವೀಧರ, ಹೊಸ ನೌಕರಿ, ಸ್ತ್ರೀಸ್ವಾತಂತ್ರ್ಯದ ಮೇಲೆ ಕಾಲೇಜಿನಲ್ಲಿ ಬಹುಮಾನ ಪಡೆದ ಭಾಷಣಕಾರ. ಅಕ್ಕನನ್ನು ತಿಪಟೂರಿನ ಬಸ್ಸು ಹತ್ತಿಸಿದವನು ನಾನು. ಟ್ರಂಕನ್ನು ಮೇಲಕ್ಕೆ ಏರಿಸಿದವನೂ ನಾನು. ಕಾಯಿದೆಯ ಬಾಗಿಲು ಎರಡು ವರ್ಷದ ಹಿಂದೆಯೇ ತೆರೆದಿತ್ತು; ನಮ್ಮ ಮನೆಯ ಬಾಗಿಲು ಮುಚ್ಚಿತ್ತು. ಆ ಮೇಲೆ ಮೂವತ್ತನಾಲ್ಕು ವರ್ಷ, ಭಾವ ತೀರಿಕೊಳ್ಳುವ ತನಕ, ಅಕ್ಕ ‘ಬದ್ಧ’ಳಾಗಿದ್ದಳು. ಅವರ ವೈಕುಂಠ ಸಮಾರಾಧನೆಯ ದಿನ ಬಂಧುಗಳೆಲ್ಲ ಆದರ್ಶ ದಾಂಪತ್ಯವೆಂದು ಹೊಗಳಿದರು. ಅಕ್ಕ ಏನೂ ಹೇಳಲಿಲ್ಲ, ಬಡಿಸುತ್ತಿದ್ದಳು.

ಆದ್ದರಿಂದ ಕಲ್ಯಾಣಮಂಟಪದ ಹಿರಿಯರಿಗೆ ನನ್ನ ಉತ್ತರ ಇಷ್ಟು: ತಾವು ಹೇಳುವ ಬದ್ಧತೆ ಒಬ್ಬರದು. ಇನ್ನೊಬ್ಬರು ಅದರ ಮೇಲೆ ಕಾಲು ಚಾಚಿ ಮಲಗಿದ್ದರು.

ಇಷ್ಟು ಓದಿ ತರುಣ ಓದುಗರು ಚಪ್ಪಾಳೆ ತಟ್ಟುವ ಮೊದಲು ಸ್ವಲ್ಪ ತಡೆಯಬೇಕು. ಈಗ ಅವರ ಸರದಿ.

ಮಹಡಿಯ ಜೋಡಿ ನಾಲ್ಕು ವರ್ಷ ಕೂಡಿ ಬಾಳಿದರು. ಗ್ಯಾಸ್, ಬಾಡಿಗೆ, ದಿನಸಿ ಎಲ್ಲ ಸರಿಪಾಲು. ಇಬ್ಬರೂ ಸಂಪಾದಿಸುತ್ತಿದ್ದರು, ಇಬ್ಬರೂ ಅಡಿಗೆ ಮಾಡುತ್ತಿದ್ದರು. ಜಗಳದ ಸದ್ದು ಕೇಳಿದ್ದು ಅಪರೂಪ. ಇದೇ ಸರಿಯಾದ ಬಾಳು, ನಮ್ಮವರು ಕಲಿಯಬೇಕು ಎಂದು ನಾನು ಎದುರುಮನೆಯವರಿಗೆ ಉಪದೇಶ ಮಾಡುತ್ತಿದ್ದೆ. ಒಂದು ಸಂಜೆ ಆ ಹುಡುಗಿ ಅಕ್ಕನೊಡನೆ ಅವರೆಕಾಳು ಸುಲಿಯುತ್ತ ಕುಳಿತಿದ್ದಳು. ಊರಿನಲ್ಲಿ ತಾಯಿಗೆ ಕಾಯಿಲೆ. ಬೇರೆ ಊರಿನ ಕೆಲಸವೊಂದು ಬಂದಿದೆ. ಒಪ್ಪುವುದೋ ಬಿಡುವುದೋ ತಿಳಿಯದು. ಅಕ್ಕ ಕೇಳಿದಳು: “ಅವನು ಏನಂತಾನಮ್ಮ?”

“ನೋಡೋಣ ಅಂತಾನೆ, ಅಜ್ಜಿ.”

“ಎಷ್ಟು ದಿವಸದಿಂದ?”

“ನಾಲ್ಕು ವರ್ಷದಿಂದ.”

ಅಕ್ಕ ಸಿಪ್ಪೆಯನ್ನು ಒಂದು ಕಡೆ ಸರಿಸಿ ಹೇಳಿದಳು: “ನನಗೆ ‘ಹೊಂದಿಕೊಂಡು ಹೋಗು’ ಅಂದರು. ನಿನಗೆ ‘ನೋಡೋಣ’ ಅಂತಾರೆ. ಎರಡಕ್ಕೂ ಕಾದುಕೊಂಡು ಕೂತಿರೋರು ನಾವೇ.”

ಒಳಗೆ ಪತ್ರಿಕೆ ಓದುವಂತೆ ನಟಿಸುತ್ತಿದ್ದ ನನಗೆ ಆ ಮಾತು ಚಾಟಿಯಂತೆ ತಗುಲಿತು.

‘ನೋಡೋಣ’ ಎಂಬುದು ಬಹಳ ಸಭ್ಯವಾದ ಮಾತು. ಕಚೇರಿಯ ಗುಮಾಸ್ತ ಹೇಳುತ್ತಾನೆ, ಮನೆ ಕಟ್ಟುವ ಮೇಸ್ತ್ರಿ ಹೇಳುತ್ತಾನೆ, ಸಾಲಗಾರ ಹೇಳುತ್ತಾನೆ. ಅದು ಇಲ್ಲವೆನ್ನುವುದಿಲ್ಲ, ಹೌದೆನ್ನುವುದಿಲ್ಲ; ಹೇಳಿದವನ ಕಾಲವನ್ನು ಉಳಿಸಿ ಕೇಳಿದವನ ಕಾಲವನ್ನು ತಿನ್ನುತ್ತದೆ. ಪ್ರೇಮದಲ್ಲಿ ಅದನ್ನೇ ಸ್ವಾತಂತ್ರ್ಯವೆಂದು ಕರೆಯುತ್ತಾರೆ. ಯಾರ ಸ್ವಾತಂತ್ರ್ಯ? ನಾಳೆಯನ್ನು ಕುರಿತು ಒಬ್ಬರು ಮಾತು ಕೊಡದೆ ಇದ್ದಾಗ ಇನ್ನೊಬ್ಬರು ಯಾವ ನಾಳೆಯನ್ನೂ ಕಟ್ಟಲಾರರು. ಕೆಲಸ ಒಪ್ಪಲಾರರು, ತಾಯಿಯನ್ನು ಕರೆತರಲಾರರು, ಒಂದು ಬೀರು ಕೊಳ್ಳುವುದಕ್ಕೂ ಹಿಂಜರಿಯುತ್ತಾರೆ. ಇದು ಬಂಧನವಲ್ಲವೆ? ಹಗ್ಗ ಕಾಣದ ಬಂಧನ.

ಸ್ಕಾಟ್ ಸ್ಟ್ಯಾನ್ಲಿ, ಹೋವರ್ಡ್ ಮಾರ್ಕ್‌ಮನ್ ಎಂಬ ಇಬ್ಬರು ವಿದ್ವಾಂಸರು ೧೯೯೨ರಲ್ಲಿ ಬದ್ಧತೆಯನ್ನು ಎರಡಾಗಿ ಬಿಡಿಸಿ ತೋರಿಸಿದರು: ಮನಸಾರೆ ಅರ್ಪಿಸಿಕೊಳ್ಳುವುದು ಒಂದು, ಬಿಟ್ಟುಹೋಗಲು ಕಷ್ಟವಾಗುವುದು ಇನ್ನೊಂದು. ಇದೇ ವಿಚಾರವನ್ನು ೨೦೦೬ರಲ್ಲಿ ಮುಂದುವರಿಸುತ್ತ, ಜನ ಕೂಡಿಬಾಳಲು ನಿರ್ಧರಿಸುವುದು ಕಡಿಮೆ, ಜಾರಿಕೊಂಡು ಬರುವುದೇ ಹೆಚ್ಚು ಎಂದರು. ಇಂದು ರಾತ್ರಿ ತಡವಾಯಿತು, ನಾಳೆ ಬಾಡಿಗೆ ಉಳಿಯುತ್ತದೆ, ನಾಡಿದ್ದು ಒಂದೇ ಗ್ಯಾಸ್ ಸಾಕು. ಹೀಗೆ ಜಾರುತ್ತ ಜಾರುತ್ತ ಬಿಡಿಸಲಾಗದ ಗಂಟುಗಳು ಬೀಳುತ್ತವೆ. ಮಾತು ಮಾತ್ರ ಆಡಿರುವುದಿಲ್ಲ. ನೋಡಿ, ಹಿರಿಯರ ದಾಂಪತ್ಯಕ್ಕೂ ಕಿರಿಯರ ಸಹವಾಸಕ್ಕೂ ಇಲ್ಲಿ ಎಂಥ ನೆಂಟಸ್ತನ! ಅಲ್ಲಿಯೂ ಗಂಟು ಉಂಟು, ಅರ್ಪಣೆ ಇಲ್ಲ; ಇಲ್ಲಿಯೂ ಹಾಗೆಯೆ.

ಆಡದ ಮಾತಿನ ಬೆಲೆ ಎಷ್ಟೆಂಬುದಕ್ಕೆ ಬೆಂಗಳೂರಿನದೇ ಒಂದು ಮೊಕದ್ದಮೆ ಸಾಕ್ಷಿ. ೧೯೯೨ರಲ್ಲಿ, ಒಂದೇ ಕಂಪನಿಯಲ್ಲಿ ದುಡಿಯುತ್ತಿದ್ದ ಒಬ್ಬ ಅವಿವಾಹಿತೆಯೂ, ಹೆಂಡತಿ ಮಕ್ಕಳಿದ್ದ ಒಬ್ಬ ಗಂಡಸೂ ಕೂಡಿಬಾಳತೊಡಗಿದರು. ೨೦೦೬ರಲ್ಲಿ ಅವನು ಬಿಟ್ಟುಹೋದ. ಕೌಟುಂಬಿಕ ಹಿಂಸೆಯಿಂದ ರಕ್ಷಣೆ ಕೊಡುವ ೨೦೦೫ರ ಕಾಯಿದೆಯ ಪ್ರಕಾರ ಆಕೆಗೆ ತಿಂಗಳಿಗೆ ೧೮,೦೦೦ ರೂಪಾಯಿ ಕೊಡಬೇಕೆಂದು ಮ್ಯಾಜಿಸ್ಟ್ರೇಟರು ಆಜ್ಞೆ ಮಾಡಿದರು. ಹೈಕೋರ್ಟು ಅದನ್ನು ತಳ್ಳಿಹಾಕಿತು. ೨೦೧೩ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಅವನು ವಿವಾಹಿತನೆಂದು ತಿಳಿದೇ ಆಕೆ ಕೂಡಿದ್ದುದರಿಂದ ಇದು ಮದುವೆಯ ಸ್ವರೂಪದ ಸಂಬಂಧವಲ್ಲ ಎಂದು ಹೇಳಿತು. ಇಂಥ ಹೆಂಗಸರ ಗತಿಯನ್ನು ಪಾರ್ಲಿಮೆಂಟು ಯೋಚಿಸಬೇಕೆಂದೂ ಸೇರಿಸಿತು. ಎಂಥ ಸಂಬಂಧ ಮದುವೆಯಂತಿರುತ್ತದೆ ಎಂದು ಗುರುತಿಸಲು ನ್ಯಾಯಾಲಯ ಕೊಟ್ಟ ಲಕ್ಷಣಗಳನ್ನು ಓದಬೇಕು: ಎಷ್ಟು ಕಾಲ ಕೂಡಿದ್ದರು, ಒಂದೇ ಮನೆಯೇ, ಹಣ ಒಟ್ಟಾಗಿತ್ತೆ, ಮನೆಗೆಲಸ ಹೇಗೆ ಹಂಚಿತ್ತು, ನಾಲ್ಕು ಜನರ ಮುಂದೆ ಜೋಡಿಯೆಂದು ತೋರಿಸಿಕೊಂಡರೆ, ಇಬ್ಬರ ಉದ್ದೇಶವೇನಿತ್ತು. ಇಬ್ಬರು ಕುಳಿತು ಒಂದು ಗಂಟೆಯಲ್ಲಿ ಆಡಬೇಕಾದ ಮಾತನ್ನು ಆಡದೆ ಬಿಟ್ಟರೆ, ಅಪರಿಚಿತ ನ್ಯಾಯಾಧೀಶರು ವರ್ಷಗಳ ತರುವಾಯ ಪಾತ್ರೆಪಗಡೆಗಳಿಂದ ಅದನ್ನು ಊಹಿಸಬೇಕಾಗುತ್ತದೆ!

ಈಗ ಇನ್ನೊಂದು ಕಾಯಿದೆ ಬಂದಿದೆ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೬೯ನೆಯ ಕಲಮಿನ ಪ್ರಕಾರ, ನೆರವೇರಿಸುವ ಉದ್ದೇಶವಿಲ್ಲದೆ ಮದುವೆಯ ಮಾತು ಕೊಟ್ಟು ಹೆಣ್ಣನ್ನು ಕೂಡಿದವನಿಗೆ ಹತ್ತು ವರ್ಷದ ತನಕ ಸಜೆಯಾಗಬಹುದು. ವಂಚಕನಿಗೆ ಶಿಕ್ಷೆ ಬೇಕು, ನಿಜ. ಆದರೆ ಈ ಕಲಮು ಸುಳ್ಳು ಮಾತು ಕೊಟ್ಟವನನ್ನು ಹಿಡಿಯುತ್ತದೆ. ಯಾವ ಮಾತನ್ನೂ ಕೊಡದ ಚತುರ ಅದಕ್ಕೆ ಸಿಗುವುದಿಲ್ಲ. ‘ನೋಡೋಣ’ ಎಂಬುದಕ್ಕೆ ಯಾವ ಸಂಹಿತೆಯಲ್ಲೂ ಕಲಮಿಲ್ಲ. ಇರಲೂ ಕೂಡದು. ಪೊಲೀಸ್ ಠಾಣೆಯಲ್ಲಿ ಹುಟ್ಟಿದ ನಿಷ್ಠೆ ಗೂಟದ ಹಸುವಿನ ನಿಷ್ಠೆಯೇ.

“ಹಾಗಾದರೆ ಕಟ್ಟೇ ಬೇಡ, ಕಟ್ಟಿನಿಂದಲೇ ದುಃಖ” ಎನ್ನುವವರಿದ್ದಾರೆ. ಅವರಿಗೆ ಒಂದು ಪ್ರಯೋಗದ ವಿಷಯ ಹೇಳಬೇಕು. ೨೦೦೬ರಲ್ಲಿ ಜೇಮ್ಸ್ ಕೋನ್ ಮತ್ತು ಸಂಗಡಿಗರು ಹದಿನಾರು ಜನ ವಿವಾಹಿತೆಯರನ್ನು ಮೆದುಳಿನ ಚಿತ್ರ ತೆಗೆಯುವ ಯಂತ್ರದಲ್ಲಿ ಮಲಗಿಸಿ, ಈಗ ವಿದ್ಯುತ್ತಿನ ಆಘಾತ ಬರಬಹುದು ಎಂಬ ಸೂಚನೆ ಕೊಟ್ಟರು. ಒಮ್ಮೆ ಯಾರ ಕೈಯೂ ಇಲ್ಲ. ಒಮ್ಮೆ ಅಪರಿಚಿತನ ಕೈ. ಒಮ್ಮೆ ಗಂಡನ ಕೈ. ಗಂಡನ ಕೈ ಹಿಡಿದಾಗ ಮೆದುಳಿನ ಭಯದ ಪ್ರತಿಕ್ರಿಯೆ ಎಲ್ಲಕ್ಕಿಂತ ಹೆಚ್ಚು ಇಳಿಯಿತು. ಇನ್ನೂ ಒಂದು ಮಾತು: ದಾಂಪತ್ಯ ಎಷ್ಟು ಚೆನ್ನಾಗಿತ್ತೋ ಆ ಇಳಿತವೂ ಅಷ್ಟು ಹೆಚ್ಚಾಗಿತ್ತು. ಹಿರಿಯರು ಇದರ ಅರ್ಧವನ್ನು ಓದಿ, ನೋಡಿ ಗಂಡನ ಕೈಯ ಮಹಿಮೆ ಎನ್ನುತ್ತಾರೆ. ಉಳಿದರ್ಧವನ್ನೂ ಓದಬೇಕು. ಮದುವೆ ಎಂಬ ಮುದ್ರೆಯೊಂದರಿಂದಲೇ ಆ ನೆಮ್ಮದಿ ಬರಲಿಲ್ಲ. ಕೈ ನಂಬಿಕೆಯದಾಗಿದ್ದಷ್ಟೂ ಭಯ ಇಳಿಯಿತು. ಇದೇ ಬದ್ಧತೆಯ ಫಲ. ಈ ಕೈ ನಾಳೆಯೂ ಇರುತ್ತದೆಂದು ತಿಳಿದವರು ಇಂದು ನಿದ್ದೆ ಮಾಡುತ್ತಾರೆ, ಜಗಳವನ್ನೂ ನಿರ್ಭಯವಾಗಿ ಆಡುತ್ತಾರೆ.

ಪ್ರೇಮವಿವಾಹ ಮೇಲೋ ಹಿರಿಯರು ಕೂಡಿಸಿದ ಮದುವೆ ಮೇಲೋ ಎಂಬ ಹಳೆಯ ಜಗಳವನ್ನು ಇಲ್ಲಿಗೆ ಎಳೆತರುವುದು ವ್ಯರ್ಥ. ೧೯೮೨ರಲ್ಲಿ ಜಯಪುರದ ಐವತ್ತು ದಂಪತಿಗಳನ್ನು ವಿಚಾರಿಸಿದ ಒಂದು ಅಧ್ಯಯನವನ್ನು ಹಿಡಿದು, ಕೂಡಿಸಿದ ಮದುವೆಯಲ್ಲೇ ಪ್ರೀತಿ ವರ್ಷವರ್ಷಕ್ಕೂ ಬೆಳೆಯುತ್ತದೆಂದು ನಮ್ಮವರು ಇಂದಿಗೂ ಸಾರುತ್ತಾರೆ. ಅಮೆರಿಕದಲ್ಲಿ ನೆಲಸಿದ ಭಾರತೀಯರನ್ನು ಕುರಿತು ೨೦೧೨ರಲ್ಲಿ ಬಂದ ಅಧ್ಯಯನ ಎರಡು ಬಗೆಯ ಮದುವೆಗಳಿಗೂ ಪ್ರೀತಿಯಲ್ಲಾಗಲಿ ತೃಪ್ತಿಯಲ್ಲಾಗಲಿ ವ್ಯತ್ಯಾಸವನ್ನೇ ಕಾಣಲಿಲ್ಲ. ಬಾಗಿಲು ಯಾವುದಾದರೇನು? ಒಳಗೆ ಬಂದ ಮೇಲೆ ಇಬ್ಬರೂ ಇರಲು ಮನಸ್ಸು ಮಾಡಿದರೆ ಎಂಬುದು ಪ್ರಶ್ನೆ.

ಮನಸ್ಸು ಮಾಡಿ, ಬಾಯಿಬಿಟ್ಟು ಹೇಳಿ, ಸಮಾನರಾಗಿ ಕಟ್ಟಿಕೊಂಡ ಕಟ್ಟು ಕನ್ನಡನಾಡಿಗೆ ಹೊಸದಲ್ಲ. ಕುವೆಂಪು ಅವರು ರೂಪಿಸಿದ ಮಂತ್ರಮಾಂಗಲ್ಯ ನಮ್ಮ ಮುಂದಿದೆ. ೧೯೬೬ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿ, ತಾವು ಒಲಿದ ರಾಜೇಶ್ವರಿಯವರನ್ನು ಆ ರೀತಿಯಲ್ಲಿಯೇ ಮದುವೆಯಾದರು. ಪುರೋಹಿತರಿಲ್ಲ, ವರದಕ್ಷಿಣೆ ಇಲ್ಲ, ಸಾಲದ ಆಡಂಬರವಿಲ್ಲ. ಇಬ್ಬರೂ ತಮಗರ್ಥವಾಗುವ ಕನ್ನಡದಲ್ಲಿ, ಗಂಡು ಹೆಣ್ಣು ಸಮಾನರೆಂದು ಒಪ್ಪಿ ವಚನ ಸ್ವೀಕರಿಸುವುದೇ ಅದರ ತಿರುಳು. ಅಲ್ಲಿ ಮದುವೆ ಸಣ್ಣದು, ಮಾತು ದೊಡ್ಡದು. ನಮ್ಮ ಕಲ್ಯಾಣಮಂಟಪಗಳಲ್ಲಿ ಮದುವೆ ದೊಡ್ಡದು. ಮಾತನ್ನು ಪುರೋಹಿತರು ಮೈಕಿನಲ್ಲಿ ಹೇಳುತ್ತಾರೆ, ವಧೂವರರು ಫೋಟೋದವನ ಕಡೆ ನೋಡುತ್ತಾರೆ. ಮಹಡಿಯ ಮನೆಗಳಲ್ಲಿ ಮದುವೆಯೂ ಇಲ್ಲ, ಮಾತೂ ಇಲ್ಲ.

ತಾಳಿ, ರಿಜಿಸ್ಟ್ರಾರರ ಸಹಿ, ಇವೆಲ್ಲ ಬೇಕೋ ಬೇಡವೋ ಅವರವರ ಇಷ್ಟ. ಆದರೆ ಮೂರು ಮಾತು ಬೇಕೇಬೇಕೆಂದು ನನ್ನ ವಾದ. ಮಾತು ಇಬ್ಬರೂ ಕೊಟ್ಟದ್ದಾಗಿರಬೇಕು. ಕೇಳಿಸುವಂತೆ ಆಡಿದ್ದಾಗಿರಬೇಕು, ಎದುರಿನವರು ಅರ್ಥಮಾಡಿಕೊಳ್ಳಲಿ ಎಂದು ಬಿಟ್ಟದ್ದಾಗಿರಬಾರದು. ಮೂರನೆಯದು ಹಿರಿಯರಿಗೆ ರುಚಿಸದು: ಮಾತನ್ನು ಒಬ್ಬರು ಮುರಿದರೆ ಇನ್ನೊಬ್ಬರು ಹೊರಗೆ ಬರಲು ತವರಿನ ಬಾಗಿಲೋ ಸ್ವಂತ ಸಂಪಾದನೆಯೋ ಇರಲೇಬೇಕು. ಹೊರಗೆ ಹೋಗಬಲ್ಲವರು ಒಳಗೆ ಉಳಿದರೆ ಅದು ಬದ್ಧತೆ. ಹೋಗಲಾರದವರು ಉಳಿದರೆ ಅದಕ್ಕೆ ಬೇರೆ ಹೆಸರಿದೆ.

ಮಹಡಿಯ ಹುಡುಗಿ ಅಕ್ಕನ ಮಾತು ಕೇಳಿದ ಮರುವಾರ ಅವನನ್ನು ನೇರವಾಗಿ ಕೇಳಿದಳಂತೆ. ಅವನು ಮೂರು ದಿನ ಯೋಚಿಸಿ, “ನನ್ನಿಂದ ಆಗೋದಿಲ್ಲ” ಎಂದ. ಅವಳು ಅತ್ತಳು. ಆ ಭಾನುವಾರ ಒಂದು ಲಗೇಜ್ ಆಟೊದಲ್ಲಿ ಅವಳ ಸಾಮಾನು ಹೋಯಿತು; ಬೇರೆ ಊರಿನ ಕೆಲಸವನ್ನು ಒಪ್ಪಿಕೊಂಡಿದ್ದಳು. ಎದುರುಮನೆಯವರು, “ಹೇಳಿರಲಿಲ್ಲವೆ? ಇಂಥ ಸಂಬಂಧಗಳೆಲ್ಲ ಹೀಗೇ” ಎಂದರು. ನಾನು ಒಪ್ಪಲಿಲ್ಲ. ಆ ಹುಡುಗನ ಮೇಲೆ ನನಗೆ ಸಿಟ್ಟಿದೆ, ಆದರೆ ಒಂದು ಗೌರವವೂ ಉಂಟು. ನಾಲ್ಕು ವರ್ಷ ತಡವಾದರೂ ಅವನು ಒಂದು ಮಾತು ಆಡಿದ. ಆ ‘ಆಗೋದಿಲ್ಲ’ ಎಂಬುದು ‘ನೋಡೋಣ’ಕ್ಕಿಂತ ಸಾವಿರ ಪಾಲು ಮೇಲು. ಮೊದಲ ವರ್ಷವೇ ಆಡಿದ್ದರೆ ಇನ್ನೂ ಮೇಲಾಗುತ್ತಿತ್ತು.

ಅಂದು ಅವಳ ಪೆಟ್ಟಿಗೆಯನ್ನು ಆಟೊಗೆ ಏರಿಸಲು ನಾನೂ ಕೈ ಕೊಟ್ಟೆ. ಬಾಗಿಲಲ್ಲಿ ನಿಂತಿದ್ದ ಅಕ್ಕ, “ಈ ಸಲ ಸರಿಯಾದ ಕಡೆಗೆ ಹತ್ತಿಸಿದೆ ಕಣೋ” ಎಂದಳು.

ನಲವತ್ತು ವರ್ಷಗಳಿಗೂ ಮೀರಿ ಅಕ್ಕ ಆ ಬಸ್ಸಿನ ಮಾತನ್ನು ಎತ್ತಿರಲಿಲ್ಲ. ಹಿರಿಯರು ಇನ್ನು ಮುಂದೆ ಬದ್ಧತೆಯ ಮೇಲೆ ಉಪನ್ಯಾಸ ಮಾಡುವ ಮೊದಲು ತಮ್ಮ ಮನೆಯಲ್ಲಿ ಬಡಿಸುತ್ತಿರುವವರನ್ನು ಒಂದು ಮಾತು ಕೇಳಲಿ. ಕಿರಿಯರು ‘ನೋಡೋಣ’ ಎನ್ನುವ ಮೊದಲು, ಎಂದು, ಎಷ್ಟು ದಿನ, ಯಾರ ಖರ್ಚಿನಲ್ಲಿ ಎಂದು ತಮ್ಮನ್ನೇ ಕೇಳಿಕೊಳ್ಳಲಿ.